ಹೊಸ ಮದ್ದು ಬರುವವರೆಗೆ ಒಂದು ಗಾಜಿನ ಟ್ಯೂಬು ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿದ. ಅಮೆರಿಕದಲ್ಲಿ ಒಬ್ಬ ಮನುಷ್ಯ ಹದಿನೆಂಟು ವರ್ಷ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡು ಅರಗಿಸಿಕೊಂಡಿದ್ದಾನೆ, ಅವನ ರಕ್ತದಿಂದ ಎಲ್ಲ ಹಾವಿಗೂ ಒಂದೇ ಮದ್ದು ತಯಾರಾಗುತ್ತಿದೆ ಅಂತ. ಕೆಳಗೆ ಅವನದೇ ಒಂದು ಸಾಲು: "ಚಿಕ್ಕಮ್ಮ, ಇನ್ನು ನಿಮ್ಮೂರಲ್ಲಿ ಹಾವಿಗೆ ಹೆದರೋ ಹಾಗಿಲ್ಲ ಬಿಡಿ."

ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಅದರಲ್ಲಿ ಹೆಚ್ಚಿನ ಕಾಲ ಮಲೆನಾಡಿನ ಸೆರಗಿನ ಒಂದು ತಾಲ್ಲೂಕಿನಲ್ಲೇ ಕಳೆಯಿತು. ಒಂದು ದಿಕ್ಕಿಗೆ ಅಡಿಕೆ ತೋಟ, ಇನ್ನೊಂದು ದಿಕ್ಕಿಗೆ ಮೆಕ್ಕೆಜೋಳದ ಹೊಲ. ಮಳೆ ಹಿಡಿದ ಮೇಲೆ ಹಾವು ಕಚ್ಚಿದವರು ವಾರಕ್ಕೊಬ್ಬರಾದರೂ ಬಂದೇ ಬರುತ್ತಿದ್ದರು. ಸುದ್ದಿಯನ್ನು ಎರಡು ಸಲ ಓದಿದೆ. ಖುಷಿಯಾಯಿತು. ಆಮೇಲೆ ಹೊಟ್ಟೆ ಉರಿಯಿತು. ಈ ಪತ್ರ ಬರೆಯುತ್ತಿರುವುದು ಆ ಎರಡನೆಯ ಕಾರಣಕ್ಕೆ. ಆದರೆ ಖುಷಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುದುಕಿ ಗೊಣಗುತ್ತಿದ್ದಾಳೆ ಅಂದುಕೊಂಡೀರಿ.

ಹಾವಿನ ವಿಷಕ್ಕೆ ಮದ್ದು ಮಾಡುವ ವಿಧಾನ 1890ರ ದಶಕದ್ದು. ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ತೋರಿಸಿಕೊಟ್ಟ ದಾರಿ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚುತ್ತಾ ಹೋಗುವುದು, ಅದರ ರಕ್ತದಲ್ಲಿ ಪ್ರತಿಕಾಯ ಬೆಳೆದ ಮೇಲೆ ಆ ರಕ್ತ ತೆಗೆದು, ಸೋಸಿ, ಮದ್ದು ಮಾಡುವುದು. ಹಾವಿನ ವಿಷಕ್ಕೆ ನಮ್ಮ ವಾರ್ಡಿನಲ್ಲಿ ಕೊಡುವ ಮದ್ದಾದ ಎಎಸ್‌ವಿ ಇವತ್ತಿಗೂ ಅದೇ. ಬಿಳಿ ಪುಡಿಯ ವೈಯಲ್, ಜೊತೆಗೆ ಹತ್ತು ಎಂಎಲ್ ನೀರು. ನೀರು ಹಾಕಿ ಗಟ್ಟಿಯಾಗಿ ಅಲ್ಲಾಡಿಸಿದರೆ ನೊರೆ ಬಂದು ಕೆಡುತ್ತದೆ, ಅದಕ್ಕೆ ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸಬೇಕು. ಹತ್ತು ವೈಯಲ್ ಕರಗಿಸುವಷ್ಟರಲ್ಲಿ ಹೊರಗೆ ನಿಂತ ಮನೆಯವರು "ಏನ್ ಸಿಸ್ಟರ್, ಬಾಟ್ಲಿ ಉಜ್ತಾ ಕೂತಿದೀರಿ" ಅಂತ ಕೂಗಾಡುತ್ತಿದ್ದರು. ಕುದುರೆಯ ಪ್ರೋಟೀನು ಕೆಲವರ ಮೈಗೆ ಹಿಡಿಸುವುದಿಲ್ಲ. ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ, ಬಿಪಿ ಧಡಕ್ಕನೆ ಇಳಿಯುತ್ತದೆ. ಅದಕ್ಕೇ ಡ್ರಿಪ್ ಶುರು ಮಾಡುವ ಮೊದಲೇ ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಸಿರಿಂಜಿಗೆ ಎಳೆದು ಇಟ್ಟುಕೊಂಡಿರಬೇಕು.

ಈಗ ವಿಜ್ಞಾನಿಗಳು ಕುದುರೆಯನ್ನೇ ಬಿಟ್ಟು ಮುಂದೆ ಹೋಗುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಸೇರಿ, ಮನುಷ್ಯರ ಪ್ರತಿಕಾಯದ ಮಾದರಿಯಲ್ಲೇ ಪ್ರಯೋಗಾಲಯದಲ್ಲಿ ಒಂದು ಪ್ರತಿಕಾಯ ತಯಾರಿಸಿ ತೋರಿಸಿದರು. ನರಗಳನ್ನು ಕಟ್ಟಿಹಾಕುವ ಒಂದು ಬಗೆಯ ವಿಷವನ್ನು, ಅದು ಏಷ್ಯಾದ ಹಾವಿನದಿರಲಿ ಆಫ್ರಿಕಾದ ಮಾಂಬಾದಿರಲಿ, ಇಲಿಗಳಲ್ಲಿ ಅದು ತಡೆದು ನಿಲ್ಲಿಸಿತು. 2025ರ ಜನವರಿಯಲ್ಲಿ, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ಬಳಗ ಕಂಪ್ಯೂಟರಿನಲ್ಲೇ ಕೂತು, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಪುಟ್ಟ ಪ್ರೋಟೀನುಗಳನ್ನು ವಿನ್ಯಾಸ ಮಾಡಿ ಅದೇ ಜಾತಿಯ ವಿಷಕ್ಕೆ ಬಿರಡೆ ಹಾಕಿತು. ಅದೇ ವರ್ಷ ಮೇ ತಿಂಗಳಲ್ಲಿ ಬಂದದ್ದು ನಮ್ಮ ಹುಡುಗ ಕಳಿಸಿದ ಸುದ್ದಿ. ಟಿಮ್ ಫ್ರೀಡ್ ಎಂಬಾತನ ರಕ್ತದಿಂದ ಎರಡು ಪ್ರತಿಕಾಯ ಆರಿಸಿ, ಜೊತೆಗೆ ವರೆಸ್ಪ್ಲಾಡಿಬ್ ಎಂಬ ಔಷಧಿ ಬೆರೆಸಿದ ಮಿಶ್ರಣ. 19 ಜಾತಿಯ ಹಾವುಗಳ ವಿಷದ ಮೇಲೆ ಇಲಿಗಳಲ್ಲಿ ಪರೀಕ್ಷಿಸಿದರೆ 13ರಿಂದ ಪೂರ್ತಿ ರಕ್ಷಣೆ, ಉಳಿದವುಗಳಿಂದ ಅಷ್ಟಿಷ್ಟು. ದೊಡ್ಡ ಕೆಲಸ, ಅನುಮಾನವೇ ಇಲ್ಲ. (ಫ್ರೀಡ್ ಮಾಡಿದ್ದನ್ನು ಮಾತ್ರ ದಯವಿಟ್ಟು ಯಾರೂ ಮನೆಯಲ್ಲಿ ಮಾಡಬೇಡಿ. ಅವನೂ ಒಮ್ಮೆ ಕೋಮಾಕ್ಕೆ ಹೋಗಿ ಬಂದವನು.)

ಆದರೆ ಸಚಿವರೇ, ಈ ಮೂರೂ ಸುದ್ದಿಯಲ್ಲಿ ಒಂದು ಹಾವು ಕಾಣೆಯಾಗಿದೆ. ಮೂರೂ ಸಂಶೋಧನೆ ನಾಗರ, ಕಟ್ಟುಹಾವು, ಮಾಂಬಾ ಇವುಗಳ ವಂಶಕ್ಕೆ ಸೇರಿದ್ದು. ಕೊಳಕುಮಂಡಲದ ಮಾತು ಎಲ್ಲೂ ಇಲ್ಲ. ನಮ್ಮ ಜೋಳದ ಹೊಲದಲ್ಲಿ, ಹುಲ್ಲಿನ ಬಣವೆಯ ಬುಡದಲ್ಲಿ, ಗದ್ದೆ ಬದುವಿನಲ್ಲಿ ಕಾಲಿಗೆ ಹೊಡೆಯುವುದೇ ಅದು. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅದೇ ಅಧ್ಯಯನ ಪರಿಶೀಲಿಸಿದ ಕಡಿತದ ವರದಿಗಳಲ್ಲಿ ಶೇ. 43 ಕೊಳಕುಮಂಡಲದ್ದು. ಕೊಳಕುಮಂಡಲದ ವಿಷ ನರಕ್ಕಷ್ಟೇ ಅಲ್ಲ, ರಕ್ತಕ್ಕೆ ಕೈ ಹಾಕುತ್ತದೆ, ಹೆಪ್ಪುಗಟ್ಟುವ ಗುಣವನ್ನೇ ತಿಂದುಹಾಕುತ್ತದೆ, ಆಮೇಲೆ ಕಿಡ್ನಿಗೆ ಹೋಗುತ್ತದೆ. ಉಳಿದವರನ್ನೂ ಕೆಲವೊಮ್ಮೆ ಡಯಾಲಿಸಿಸ್ ಮಂಚಕ್ಕೆ ಕಟ್ಟಿಹಾಕುತ್ತದೆ. "ಎಲ್ಲ ಹಾವಿಗೂ ಒಂದೇ ಮದ್ದು" ಅಂತ ಶೀರ್ಷಿಕೆ ಬರೆದ ಪತ್ರಕರ್ತರಿಗೆ ನಮ್ಮ ಹೊಲದ ಬದು ತೋರಿಸಬೇಕು ಅನ್ನಿಸಿತು.

ನನಗೆ ನಿಜವಾಗಿ ಆಸೆ ಹುಟ್ಟಿಸಿದ್ದು ಆ ಮಿಶ್ರಣದಲ್ಲಿ ಮೂರನೆಯವನಾಗಿ ಕೂತಿರುವ ವರೆಸ್ಪ್ಲಾಡಿಬ್. ಅದನ್ನು ಮೊದಲು ಕಂಡುಹಿಡಿದದ್ದು ಹಾವಿಗಲ್ಲ, ಬೇರೆ ಕಾಯಿಲೆಗಳಿಗೆ, ಅಲ್ಲಿ ಸೋತಿತು. ಹಾವಿನ ವಿಷದಲ್ಲಿ ಬಹುಮುಖ್ಯವಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಕಿಣ್ವ ಕೊಳಕುಮಂಡಲದಲ್ಲೂ ಇದೆ, ಕಟ್ಟುಹಾವಿನಲ್ಲೂ ಇದೆ. ಅದಕ್ಕಿಂತ ಮುಖ್ಯ, ಅದನ್ನು ಮಾತ್ರೆಯಾಗಿ ನುಂಗಬಹುದು. ಫ್ರಿಜ್ ಬೇಡ, ಡ್ರಿಪ್ ಬೇಡ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರಬಹುದು. ಭಾರತದ ಆಸ್ಪತ್ರೆಗಳೂ ಸೇರಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಮುಖ್ಯ ಗುರಿ ಮುಟ್ಟಲಿಲ್ಲ. ಕಚ್ಚಿ ಐದು ಗಂಟೆಯೊಳಗೆ ಔಷಧಿ ಸಿಕ್ಕವರಲ್ಲಿ ಮಾತ್ರ ಒಳ್ಳೆಯ ಸೂಚನೆ ಕಂಡಿದೆ. ನಾನು ಹೇಳಹೊರಟಿರುವುದೂ ಈ ಹೊತ್ತಿನ ವಿಷಯವನ್ನೇ. ಮದ್ದು ಎಷ್ಟೇ ಹೊಸದಿರಲಿ, ಹೊತ್ತು ಮೀರಿದ ಮೇಲೆ ಕೊಟ್ಟರೆ ಅದಕ್ಕೂ ಕುದುರೆ ಮದ್ದಿನ ಗತಿಯೇ.

ಕಟ್ಟುಹಾವಿನ ಒಂದು ಪ್ರಕರಣ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ, ಯಾರ ಹೆಸರೂ ಬೇಡ.

ಒಂಬತ್ತು ವರ್ಷದ ಹುಡುಗ. ಆಗಸ್ಟ್ ತಿಂಗಳು, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆನೋವು ಅಂತ ಎದ್ದ. ಅಜ್ಜಿ ಓಮದ ನೀರು ಕಾಸಿ ಕುಡಿಸಿದರು. ಕಟ್ಟುಹಾವು ಕಚ್ಚಿದರೆ ಉರಿಯಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ, ಹೊಟ್ಟೆನೋವೇ ಮೊದಲು. ಆರು ಗಂಟೆಗೆ ಹುಡುಗನಿಗೆ ಕಣ್ಣುರೆಪ್ಪೆ ಎತ್ತಲಾಗಲಿಲ್ಲ. ಏಳಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಮುಟ್ಟಿದರು. ಅಲ್ಲಿ ಫ್ರಿಜ್‌ನಲ್ಲಿ ಎಎಸ್‌ವಿ ಇತ್ತು. ಇತ್ತು ಅನ್ನುವುದನ್ನು ಎರಡು ಸಲ ಹೇಳುತ್ತೇನೆ, ಇತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು ಹೊಸಬರು, ಮೊದಲ ಪೋಸ್ಟಿಂಗ್, ಒಬ್ಬರೇ. ರಿಯಾಕ್ಷನ್ ಆಗಿ ಮಗು ಇಲ್ಲೇ ಹೋದರೆ ಊರವರು ಸುಮ್ಮನಿರುತ್ತಾರಾ ಅನ್ನುವ ಭಯ. "ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ" ಅಂತ ಚೀಟಿ ಬರೆದುಕೊಟ್ಟರು.

ನಮ್ಮಲ್ಲಿಗೆ ಬಂದಾಗ ಎಂಟೂಕಾಲು. ಹತ್ತು ವೈಯಲ್ ಹಾಕಿದೆವು. ಮಗುವಿಗೂ ದೊಡ್ಡವರಷ್ಟೇ ಡೋಸ್, ಮಗು ಅಂತ ಹಾವೇನು ವಿಷ ಕಮ್ಮಿ ಬಿಡುವುದಿಲ್ಲ. ಆದರೆ ಕಟ್ಟುಹಾವಿನ ವಿಷ ಒಮ್ಮೆ ನರದ ತುದಿಯನ್ನು ಹೊಕ್ಕು ಹಾಳುಮಾಡಿತೆಂದರೆ ಹೊರಗಿನ ರಕ್ತದಲ್ಲಿ ಎಷ್ಟು ಎಎಸ್‌ವಿ ಓಡಾಡಿದರೂ ಅದನ್ನು ಬಿಡಿಸಲಾಗದು. ನರ ತಾನಾಗಿ ಚಿಗುರುವವರೆಗೆ, ದಿನಗಟ್ಟಲೆ, ಉಸಿರಾಟವನ್ನು ಯಂತ್ರ ನಡೆಸಬೇಕು. ನಾಗರಹಾವಿನದಾದರೆ ನಿಯೋಸ್ಟಿಗ್ಮಿನ್ ಎಂಬ ಇಂಜೆಕ್ಷನ್ ಕೊಟ್ಟು ಕಣ್ಣು ತೆರೆಸಬಹುದು, ಎಷ್ಟೋ ಸಲ ತೆರೆಸಿದ್ದೇವೆ. ಕಟ್ಟುಹಾವಿಗೆ ಆ ಉಪಾಯ ಸಾಮಾನ್ಯವಾಗಿ ನಡೆಯದು. ನಮ್ಮಲ್ಲಿ ವೆಂಟಿಲೇಟರ್ ಇರಲಿಲ್ಲ. ಗಂಟಲಿಗೆ ಟ್ಯೂಬು ಹಾಕಿ, 108ರಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ತುಂಬುವ ಚೀಲ) ಒತ್ತುತ್ತಾ ನಾನೇ ಜಿಲ್ಲಾ ಕೇಂದ್ರಕ್ಕೆ ಹೊರಟೆ. ಒಂದು, ಎರಡು, ಮೂರು, ಒತ್ತು. ಘಾಟಿಯ ತಿರುವಿನಲ್ಲೂ ಅದೇ ಲೆಕ್ಕ. ಅರವತ್ತು ಕಿಲೋಮೀಟರ್. ಅವನ ತಾಯಿ ಪೂರ್ತಿ ದಾರಿ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು, ಮಗನ ಮುಖ ನೋಡಲಿಲ್ಲ.

ಹುಡುಗ ಮೂರನೇ ದಿನ ಹೋದ.

ಏಳು ಗಂಟೆಗೇ ಕೊಟ್ಟಿದ್ದರೆ ಉಳಿಯುತ್ತಿದ್ದನೇ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಆ ಒಂದೂಕಾಲು ಗಂಟೆ ವಿಷಕ್ಕೆ ನಾವಾಗಿ ಬಿಟ್ಟುಕೊಟ್ಟದ್ದು. ಆ ಡಾಕ್ಟರನ್ನು ನಾನು ಬೈಯುವುದಿಲ್ಲ. ಓದುವಾಗ ಪುಸ್ತಕದಲ್ಲಿ ಹಾವು ಒಂದು ಅಧ್ಯಾಯ, ಕೆಲಸಕ್ಕೆ ಬಂದ ಮೇಲೆ ಒಬ್ಬರೇ ಒಂದು ರಾತ್ರಿ. ಅವರ ಬೆನ್ನಿಗೆ ನಿಲ್ಲುವ ಒಂದು ಕಾಗದವನ್ನು ಇಲಾಖೆ ಕೊಟ್ಟಿರಲಿಲ್ಲ. ವಿಷದ ಲಕ್ಷಣ ಕಂಡರೆ ಮೊದಲ ಡೋಸ್ ಕೊಟ್ಟೇ ಮುಂದೆ ಕಳಿಸಿ ಅಂತ ಕೇಂದ್ರದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಆದರೆ ಮಾರ್ಗಸೂಚಿ ಇರುವುದು ವೆಬ್‌ಸೈಟಿನಲ್ಲಿ, ಭಯ ಇರುವುದು ಕ್ಯಾಷುಯಾಲ್ಟಿಯಲ್ಲಿ.

ನನ್ನ ತಪ್ಪನ್ನೂ ಹೇಳಿಬಿಡಬೇಕು. ಕಟ್ಟುಹಾವು ಕಚ್ಚಿದವರ ಕಣ್ಣು ಮುಚ್ಚಿರುತ್ತದೆ, ಪಾಪೆ ಹಿಗ್ಗಿರುತ್ತದೆ, ಬೆರಳೂ ಅಲ್ಲಾಡುವುದಿಲ್ಲ. ನೋಡಿದವರು ಹೋಗಿಬಿಟ್ಟರು ಅಂದುಕೊಳ್ಳಬೇಕು, ಹಾಗಿರುತ್ತಾರೆ. ಆದರೆ ಮಿದುಳು ಎಚ್ಚರವಾಗಿರುತ್ತದೆ. ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದ ಹೆಣ್ಣುಮಗಳೊಬ್ಬರು ಆಮೇಲೆ ಸಂತೆಯಲ್ಲಿ ಸಿಕ್ಕಿದರು. "ಸಿಸ್ಟರ್, ನೀವು ಆಯಾ ಹತ್ರ 'ಇವ್ರು ಉಳಿಯೋದು ಅಷ್ಟರಲ್ಲೇ ಇದೆ' ಅಂದ್ರಲ್ಲ, ನಂಗೆ ಕೇಳ್ತಾ ಇತ್ತು" ಅಂದರು. ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಅಂಥವರ ಕಿವಿಯ ಹತ್ತಿರ ಬಗ್ಗಿ ಹೆಸರು ಹಿಡಿದು ಮಾತಾಡಿಸದೆ ನಾನು ಒಂದು ಸೂಜಿಯನ್ನೂ ಚುಚ್ಚಿಲ್ಲ.

ಇನ್ನು ಗಾಜಿನ ಟ್ಯೂಬಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಧಿಕಾರಿಗಳು ಓದಿ ನಕ್ಕರೂ ಪರವಾಗಿಲ್ಲ.

ಕೊಳಕುಮಂಡಲ ಕಚ್ಚಿದೆಯೋ, ವಿಷ ಏರಿದೆಯೋ ಅಂತ ತಿಳಿಯಲು ದೊಡ್ಡ ಲ್ಯಾಬು ಬೇಕಿಲ್ಲ. ಹೊಸದಾದ, ಒಣಗಿದ, ಸ್ವಚ್ಛ ಗಾಜಿನ ಟೆಸ್ಟ್ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಒಂದು ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟಿ ಗೋಡೆಗೆ ಅಂಟಿ ಕೂತರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ಮತ್ತೆ ನೋಡುತ್ತಿರಬೇಕು. ನೀರಿನ ಹಾಗೆ ಹರಿದು ಬಂದರೆ ಎಎಸ್‌ವಿ ಏರಿಸಿ. ಅಷ್ಟೇ. ಗಡಿಯಾರ ನೋಡಲು ಬಂದರೆ ಸಾಕು. ಆದರೆ ಟ್ಯೂಬು ಗಾಜಿನದೇ ಆಗಬೇಕು, ಯಾಕೆಂದರೆ ರಕ್ತ ಹೆಪ್ಪುಗಟ್ಟುವ ಸರಣಿಯನ್ನು ಶುರು ಮಾಡುವುದೇ ಗಾಜಿನ ಗೋಡೆ. ಪ್ಲಾಸ್ಟಿಕ್ಕಿನಲ್ಲಿ ಒಳ್ಳೆಯ ರಕ್ತವೂ ಹೊತ್ತಿಗೆ ಸರಿಯಾಗಿ ಹೆಪ್ಪುಗಟ್ಟದೆ ಸುಳ್ಳು ಹೇಳುತ್ತದೆ. ಸೋಪಿನಲ್ಲಿ ತೊಳೆದ ಗಾಜೂ ಅಷ್ಟೇ, ಸೋಪಿನ ಪಸೆ ಉಳಿದರೆ ಕತೆ ಮುಗಿಯಿತು. ಈಗ ಆಸ್ಪತ್ರೆಗಳಿಗೆ ಸರಬರಾಜಾಗುವುದು ಬಣ್ಣಬಣ್ಣದ ಮುಚ್ಚಳದ ಪ್ಲಾಸ್ಟಿಕ್ ಟ್ಯೂಬು. ಒಂದು ವರ್ಷ ಗಾಜಿನ ಟ್ಯೂಬಿಗೆ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿದೆ, "ಪಟ್ಟಿಯಲ್ಲಿಲ್ಲ" ಅಂತ ಬಂತು. ಮರುವರ್ಷವೂ ಬಂತು. ಕೊನೆಗೆ ನನ್ನ ದುಡ್ಡಲ್ಲೇ ಎರಡು ಡಜನ್ ತಂದು ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಹತ್ತಿ ಹಾಸಿ, ಡ್ರೆಸ್ಸಿಂಗ್ ರೂಮಿನ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡಿದ್ದೆ. ಬೇರೆಯವರು ತೊಳೆದುಬಿಡುತ್ತಾರೆ ಅಂತ ಭಯ. ಸಹೋದ್ಯೋಗಿಗಳು ಅದನ್ನು ನನ್ನ "ಒಡವೆ ಡಬ್ಬಿ" ಅನ್ನುತ್ತಿದ್ದರು.

ಹಾವಿನ ಊರೂ ಮುಖ್ಯ ಅಂತ ಈಗ ವಿಜ್ಞಾನ ಹೇಳುತ್ತಿದೆ. ದೇಶದ ಎಎಸ್‌ವಿಗೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಿಂದ, 1978ರಲ್ಲಿ ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರು ಕಟ್ಟಿಕೊಂಡ ಸಹಕಾರ ಸಂಘದಿಂದ. ಅವರ ಕೈಚಳಕಕ್ಕೆ ಈ ದೇಶದ ಲಕ್ಷಾಂತರ ಜನ ಋಣಿಗಳು. ಆದರೆ ಚೆನ್ನೈ ಸುತ್ತಿನ ಕೊಳಕುಮಂಡಲದ ವಿಷವೂ ಬೇರೆ ಸೀಮೆಯದರ ವಿಷವೂ ಒಂದೇ ಅಲ್ಲ. ಸುನಗರ್ ಅವರ ತಂಡ 34 ಜಾಗದ 115 ಕೊಳಕುಮಂಡಲಗಳ ವಿಷ ತೆಗೆದು ನೋಡಿ 2025ರಲ್ಲಿ ಪ್ರಕಟಿಸಿತು: ಮಳೆ, ಉಷ್ಣಾಂಶ ಬದಲಾದ ಹಾಗೆ ವಿಷದ ಗುಣವೂ ಬದಲಾಗುತ್ತದೆ. ಬಯಲುಸೀಮೆಯ ಹಾವಿಗೂ ಘಟ್ಟದ ಹಾವಿಗೂ ಒಂದೇ ಹದದ ಮದ್ದು ಸಾಲದಿರಬಹುದು. ಇನ್ನೊಂದು ಹಾವಿದೆ, ಅಡಿಕೆ ತೋಟದ ದರಕಿನಲ್ಲಿ ಅದೇ ಬಣ್ಣ ಹೊದ್ದು ಮಲಗಿರುತ್ತದೆ, ಮೊಳದುದ್ದ ಬರುವುದೇ ಕಷ್ಟ, ಮೂಗಿನ ತುದಿ ಮೇಲೆ ಎದ್ದಿರುತ್ತದೆ, ಇಂಗ್ಲಿಷಿನಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್ ಅನ್ನುತ್ತಾರೆ. ಅದರ ವಿಷಕ್ಕೆ ನಮ್ಮ ಎಎಸ್‌ವಿ ಕೆಲಸ ಮಾಡುವುದಿಲ್ಲ, ಏಕೆಂದರೆ ಮದ್ದು ಮಾಡಿರುವುದು ನಾಲ್ಕು ಹಾವಿಗೆ ಮಾತ್ರ. ಅದನ್ನು ಕೊಳಕುಮಂಡಲದ ಮರಿ ಅಂತ ತಿಳಿದು ಮೂವತ್ತು ವೈಯಲ್ ಸುರಿದು, ರಕ್ತ ಮಾತ್ರ ಹೆಪ್ಪುಗಟ್ಟದೆ, ರಿಯಾಕ್ಷನ್ ಒಂದನ್ನೇ ಗಳಿಸಿಕೊಂಡ ರೋಗಿಗಳನ್ನು ನೋಡಿದ್ದೇನೆ. ಕೇರಳ, ಕೊಡಗು, ನಮ್ಮ ಘಟ್ಟ, ಎಲ್ಲ ಕಡೆ ಇರುವ ಹಾವು. ಅದಕ್ಕೊಂದು ಮದ್ದು ಮಾಡಿ ಅಂತ ಒತ್ತಾಯಿಸಬೇಕಾದವರು ಘಟ್ಟದ ರಾಜ್ಯಗಳೇ ತಾನೇ? ಬಿಹಾರದವರು ಕೇಳುತ್ತಾರೆಯೇ?

ನಿಮ್ಮ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದಿರಿ. ಅದಾದ ಮುಂದಿನ ತಿಂಗಳೇ ಕೇಂದ್ರ ಸರ್ಕಾರ, 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು. ಒಳ್ಳೆಯದು. ಆದರೆ ಎಣಿಸುತ್ತಿರುವುದು ಏನನ್ನು? ಎಷ್ಟು ಜನರಿಗೆ ಕಚ್ಚಿತು, ಎಷ್ಟು ಜನ ಸತ್ತರು. ನಾನು ಕೇಳುವುದು ನಡುವಿನ ಲೆಕ್ಕ. ಕಚ್ಚಿದ ಹೊತ್ತು, ಮೊದಲ ಆಸ್ಪತ್ರೆಯ ಬಾಗಿಲು ಮುಟ್ಟಿದ ಹೊತ್ತು, ಮೊದಲ ಡ್ರಿಪ್ ಹತ್ತಿದ ಹೊತ್ತು, ಈ ಮೂರನ್ನು ಪ್ರತಿ ಚೀಟಿಯಲ್ಲೂ ಬರೆಸಿ. ತಾಲ್ಲೂಕುವಾರು ಪ್ರತಿ ತಿಂಗಳೂ ಹೊರಗೆ ಹಾಕಿ. ಮೊದಲ ಬಾಗಿಲಿಗೂ ಮೊದಲ ಡ್ರಿಪ್ಪಿಗೂ ನಡುವೆ ಎಲ್ಲಿ ಗಂಟೆಗಟ್ಟಲೆ ಕಳೆಯುತ್ತಿದೆ ಅಂತ ಒಂದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ. ನಾಳೆ ಆ ಮಾತ್ರೆಯೋ, ಹೊಸ ಪ್ರತಿಕಾಯವೋ ಪರೀಕ್ಷೆಗೆ ಬಂದಾಗಲೂ ವಿಜ್ಞಾನಿಗಳು ಕೇಳುವುದು ಇದೇ ಲೆಕ್ಕವನ್ನು. ಇಲ್ಲದ ರಾಜ್ಯಕ್ಕೆ ಪರೀಕ್ಷೆಯೂ ಬರುವುದಿಲ್ಲ.

ಜೊತೆಗೆ ನಿಮ್ಮ ಸಹಿಯ ಒಂದು ಸುತ್ತೋಲೆ ಬೇಕು. ಕನ್ನಡದಲ್ಲಿ, ಅರ್ಧ ಪುಟ ಸಾಕು. ಲಕ್ಷಣ ಇದ್ದರೆ ಮೊದಲ ಹತ್ತು ವೈಯಲ್ ಮೊದಲ ಆಸ್ಪತ್ರೆಯಲ್ಲೇ, ಅಡ್ರಿನಲಿನ್ ಪಕ್ಕದಲ್ಲಿ, ಹೀಗೆ ಕೊಟ್ಟ ವೈದ್ಯರ ಬೆನ್ನಿಗೆ ಇಲಾಖೆ ಇರುತ್ತದೆ, ಕೊಡದೆ ಕಳಿಸಿದವರು ಕಾರಣ ಬರೆಯಬೇಕು. ಅದನ್ನು ಲ್ಯಾಮಿನೇಟ್ ಮಾಡಿಸಿ ಎಎಸ್‌ವಿ ಇರುವ ಫ್ರಿಜ್‌ನ ಬಾಗಿಲಿಗೆ ಅಂಟಿಸಿ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಹೊಸ ಡಾಕ್ಟರುಗಳಿಗೂ ನರ್ಸುಗಳಿಗೂ ಒಂದು ದಿನ ತರಬೇತಿ ಕೊಡಿಸಿ. ಸ್ಲೈಡ್ ತೋರಿಸುವುದು ಬೇಡ, ಅಂಬು ಬ್ಯಾಗ್ ಕೈಗೆ ಕೊಟ್ಟು ಹತ್ತು ನಿಮಿಷ ಒತ್ತಿಸಿ. ಕೈ ಎಷ್ಟು ನೋಯುತ್ತದೆ ಅಂತ ಗೊತ್ತಾದವರು ರೋಗಿಯನ್ನು ಸುಮ್ಮನೆ ಮುಂದಕ್ಕೆ ಸಾಗಹಾಕುವುದಿಲ್ಲ. ಘಟ್ಟದ, ಬಯಲಿನ ಹಾವುಗಳ ವಿಷ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಪಕ್ಕದ ಕೊಠಡಿಯ ಸಚಿವರೊಡನೆ ಒಂದು ಕಾಫಿ ಕುಡಿದರೆ ಆ ಫೈಲು ಸರಿಯುತ್ತದೆ.

ಹಾವು ಕಚ್ಚಿ ಸತ್ತ ರೈತನ ಮನೆಗೆ ಸರ್ಕಾರ ಪರಿಹಾರಧನ ಕೊಡುತ್ತದೆ. ಕೊಡಲಿ. ಆ ಚೆಕ್ಕಿಗೆ ಪೋಸ್ಟ್‌ಮಾರ್ಟಂ ವರದಿ, ಠಾಣೆಯ ಕಾಗದ ಅಂತ ಎಷ್ಟೊಂದು ಸಹಿ ಬೇಕು ಅಂತ ನನಗೆ ಗೊತ್ತು, ಎಷ್ಟೋ ಹೆಂಗಸರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಹತ್ತು ವೈಯಲ್ ಏರಿಸಲು ಒಂದೇ ಸಹಿ ಸಾಕು.

ಹೋದ ವಾರ ನನ್ನ ಒಡವೆ ಡಬ್ಬಿ ತೆಗೆದು ನೋಡಿದೆ. ಹನ್ನೊಂದು ಟ್ಯೂಬು ಉಳಿದಿವೆ, ಒಂದೂ ತೊಳೆದದ್ದಲ್ಲ. ಮಳೆಗಾಲಕ್ಕಾದರೂ ಆಗಲಿ ಅಂತ ಹತ್ತಿರದ ಆಸ್ಪತ್ರೆಗೆ ತೆಗೆದುಕೊಂಡು ಹೋಗಿದ್ದೆ. ಸ್ಟೋರಿನ ಹುಡುಗ ಪಾಪ ಒಳ್ಳೆಯವನು, ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿದ. ಆಮೇಲೆ, "ಅಮ್ಮಾ, ಇಂಡೆಂಟ್ ನಂಬರ್ ಇಲ್ದೆ ಸ್ಟಾಕಿಗೆ ತಗೊಳ್ಳೋಕೆ ಬರಲ್ಲ" ಅಂದ. ಡಬ್ಬಿ ಮತ್ತೆ ನಮ್ಮ ಮನೆಯ ಅಟ್ಟ ಸೇರಿದೆ. ಆ ನಂಬರ್ ಒಂದನ್ನು ಕೊಡಿಸಿದರೆ ನಾನೇ ಹೋಗಿ ತಲುಪಿಸಿ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನರ್ಸ್, ಮಲೆನಾಡು
(ಪಿಂಚಣಿ ತಗೊಳ್ಳುವವಳು, ಹೆಸರು ಹಾಕಿಲ್ಲ. ತಾವು ಅರ್ಥ ಮಾಡಿಕೊಳ್ಳುತ್ತೀರಿ.)